ನಿಧಾನ, ಮಗಳೇ

ಸೇಂಟ್ ಆಲ್ಬನ್, ಲೂಸಿಯಾನಾ
ಅಕ್ಟೋಬರ್ ೧೩, ೨೦೨೨

ಪ್ರೀತಿಯ ಓಫೀಲಿಯಾ,

ನಾನು ಕ್ಷೇಮ. ಹ್ಯೂಸ್ಟನ್ನಿನಲ್ಲಿ ನೀನೂ ಮೊಮ್ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರಗಳಿಗೆ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಇಲ್ಲಿ ನಡೆದದ್ದನ್ನು ಕೇಳಿದರೆ ಮೊದಲು ನಗುತ್ತೀ, ಆಮೇಲೆ ನನ್ನಂತೆಯೇ ತಲೆ ಕೆರೆದುಕೊಳ್ಳುತ್ತೀ.

ಕಬ್ಬಿನ ಗದ್ದೆಯಾಚೆ ಇನ್ನೊಂದು ಪ್ಲಾಸ್ಟಿಕ್ ಕಾರ್ಖಾನೆ ಕಟ್ಟಬೇಕಂತೆ. ಇರುವ ಕಾರ್ಖಾನೆಗಳ ಹೊಗೆಯೇ ನಮಗೆ ಸಾಕುಬೇಕಾಗಿದೆ. ನಮ್ಮಂಥ ಕಪ್ಪುಜನರ ಬಡ ಊರಿನ ಮೇಲೆ ಮತ್ತಷ್ಟು ಹೊಗೆ ಹಾಕುವ ಮುಂಚೆ ಊರವರ ಮಾತು ಕೇಳಿ ದಾಖಲಿಸಬೇಕೆಂಬ ನಿಯಮವಿದೆಯಲ್ಲ, ಅದಕ್ಕಾಗಿ ಶಾಲೆಯ ಹಾಲ್‌ನಲ್ಲಿ ಸಭೆ ಕರೆದರು. ಕಂಪನಿಯ ಪರವಾಗಿ ಎದ್ದು ನಿಂತವಳು ಯಾರು ಗೊತ್ತೆ? ನನ್ನ ಮಗಳು ರೆನೀತಾ! ಊರವರನ್ನು ಮಾತಾಡಿಸುವುದಕ್ಕೆಂದೇ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಕಾರ್ಖಾನೆಗೆ ಅನುಮತಿ ಸಿಕ್ಕರೆ ಅವಳ ಕೆಲಸ ಕಾಯಂ. ಈ ಊರಿನ ಹುಡುಗಿಗೆ ಮೇಜು ಕುರ್ಚಿಯ ಕೆಲಸ ಸಿಗುವುದೆಂದರೆ ಹುಡುಗಾಟವೆ? ನಾನು ಕಾರ್ಖಾನೆ ಬೇಡವೆನ್ನುವವರ ಸಾಲಿನಲ್ಲಿ ಕೂತಿದ್ದೆ. ಕೂತಲ್ಲಿಂದಲೇ ಅವಳ ಹೊಸ ಕೋಟು ನೋಡಿ ಹೆಮ್ಮೆಯನ್ನೂ ಪಟ್ಟೆ.

ಅರ್ಧ ಹೇಳುವಷ್ಟರಲ್ಲಿ ಅವಳ ಮಾತು ನಿಂತುಹೋಯಿತು. ನಮ್ಮ ಚರ್ಚಿನವರು ಸುಮ್ಮನಿರುತ್ತಾರೆಯೆ? ನಿಂತವರು ತಡವರಿಸಿದರೆ ಕೂತವರು ಕೂಗಿ ಕೂಗಿ ಎತ್ತಿ ಹಿಡಿಯಬೇಕು. ಚರ್ಚಿನ ಹಿರಿಯ, ಆ ಇಬ್ಬರು ಹೆಂಡಿರ ಡೀಕನ್, ಶೀಲದ ಬಗ್ಗೆ ಉಪದೇಶ ಮಾಡುವಾಗಲೂ ಎತ್ತಿ ಹಿಡಿದವರು ನಾವು!

“ನಿಧಾನ, ಮಗಳೇ!” ಎಂದು ನಾನೇ ಮೊದಲು ಕೂಗಿದೆ. ಹಿಂದಿನಿಂದ “ಹೇಳಮ್ಮ, ಹೇಳು!” “ಹೌದು ಮತ್ತೆ!” “ಆಮೆನ್!” ಎಂದು ಇಡೀ ಹಾಲ್ ಗುಡುಗಿತು. ಅವಳು ಹೇಗೋ ಮುಗಿಸಿದಳು. ಆಮೇಲೆ ನಾವು ಒಬ್ಬೊಬ್ಬರಾಗಿ ಎದ್ದು ಕಾರ್ಖಾನೆ ಬೇಡವೆಂದು ಹೇಳಿ ಮನೆಗೆ ಬಂದೆವು.

ಹೋದ ವಾರ ಸಭೆಯ ದಾಖಲೆ ಬಂತು. ಅದರಲ್ಲಿ “ಕಂಪನಿಯ ಮಾತಿಗೆ ಸಭಿಕರಿಂದ ಜೋರು ಬೆಂಬಲ” ಎಂದಿದೆ! ಸಭೆಯ ಮಾತು ಬರೆದುಕೊಂಡ ಸರ್ಕಾರದ ಬಿಳಿಯ ಹೆಂಗಸಿಗೆ ಅಂದು ಏನು ಕೇಳಿಸಿರಬಹುದು? ಆ ಕುತೂಹಲ ತಡೆಯಲಾರದೆ ಬಸ್ಸು ಹತ್ತಿ ಅವಳ ಕಚೇರಿಗೇ ಹೋದೆ.

“ನಮ್ಮ ಚರ್ಚಲ್ಲಿ ಯಾರೂ ತುಟಿ ಬಿಚ್ಚಲ್ಲ ಕಣ್ರೀ,” ಎಂದಳು ಪಾಪ. “ನೀವು ಆಮೆನ್ ಅಂದ್ರಿ, ನಾನು ಬರ್ಕೊಂಡೆ. ಆಮೆನ್ ಅಂದ್ರೆ ಒಪ್ಪಿಗೆ ತಾನೇ?”

“ಅಲ್ಲಮ್ಮಾ, ಬೀಳೋರನ್ನ ಹಿಡ್ಕೊಂಡ್ರೆ ಅವರ ಹಿಂದೇನೇ ಹೊರಟ್ವಿ ಅಂತನಾ?” ಎಂದೆ. ನಕ್ಕುಬಿಟ್ಟಳು. ಯಾಕೆ ಕೂಗಿದೆವೆಂದು ಕೂಗಿದವರೇ ಇದೇ ಹದಿನಾಲ್ಕರೊಳಗೆ ಬರೆದುಕೊಟ್ಟರೆ ತಿದ್ದುತ್ತಾರಂತೆ.

ಊರಲ್ಲಿ ಎಲ್ಲರೂ ಬರೆದರು. ನಮ್ಮ ಪಾದ್ರಿ ರೆವರೆಂಡ್ ಬಟಿಸ್ಟ್ ಅಂತೂ ನನ್ನ ಬೆನ್ನು ಬಿಡಲಿಲ್ಲ. “ವರ್ಡೆಲ್ ತಾಯೀ, ಶುರು ಮಾಡಿದ್ದೇ ನೀವು. ನೀವೇ ಬರೀದಿದ್ರೆ ಹೇಗೆ?” ಎಂದರು. ಅತ್ತ ರೆನೀತಾ ಅಡುಗೆಮನೆಗೆ ಬಂದು ನಿಂತು, “ಅಮ್ಮಾ, ಊರೆಲ್ಲಾ ಬರ್ಕೊಳ್ಳಲಿ, ನೀನೊಬ್ಬಳು ಬರೀಬೇಡ. ನಿನ್ನ ದಮ್ಮಯ್ಯ! ನನ್ನ ಕೆಲಸ ಹೋಗತ್ತೆ,” ಎಂದಳು. ಅವಳ ಮುಖ ನೋಡಲಾಗದೆ ಒಲೆಯ ಮೇಲಿನ ಬೆಂಡೆಕಾಯಿ ಸಾರು ಕಲಕುತ್ತಾ ನಿಂತೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಲು ನನಗೆ ಬರುವುದಿಲ್ಲ, ನಿನಗೆ ಗೊತ್ತು.

ದೇವರು ನಿನ್ನ ಮೊಮ್ಮಕ್ಕಳಿಗೆ ಆಯುಸ್ಸು ಕೊಡಲಿ, ನಿನ್ನ ಮಂಡಿನೋವಿಗೆ ಮದ್ದು ಕೊಡಲಿ.

ನಿನ್ನ,
ವರ್ಡೆಲ್

ತಾ.ಕ.: ರೆನೀತಾ ಮಾತು ಮರೆತು ನಿಂತದ್ದಲ್ಲ, ಓಫೀಲಿಯಾ. “ಇಲ್ಲಿನ ಗಾಳಿಯಿಂದ ಯಾರಿಗೂ ತೊಂದರೆಯಿಲ್ಲ” ಎಂದು ಓದುತ್ತಿದ್ದಾಗಲೇ ಅವಳಿಗೆ ಉಸಿರು ಕಟ್ಟಿತು. ಕಣ್ಣೆತ್ತಿ ನನ್ನನ್ನೇ ನೋಡಿದಳು. ಚಿಕ್ಕವಳಿದ್ದಾಗ ಉಬ್ಬಸ ಬಂದರೆ ಬೆನ್ನು ನೀವುತ್ತಾ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು. ಯಾಕೆ ಕೂಗಿದಿರಿ ಎಂದು ಕೇಳಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಬರೆದು ಇವತ್ತು ಬೆಳಿಗ್ಗೆ ಕಳಿಸಿಬಿಟ್ಟೆ. ಸಂಜೆ ಅವಳು ಊಟಕ್ಕೆ ಬರುತ್ತಾಳೆ. ಅವಳಿಗೆ ಇನ್ನೂ ಹೇಳಿಲ್ಲ.