ಮೀನಿನ ತೊಟ್ಟಿಗೆ ಸೋಡಾ

ಪ್ರೀತಿಯ ಮಾವನಿಗೆ,

ನೀವು ಎದುರಿನ ಕ್ಲಿನಿಕ್ಕಿನಲ್ಲಿ ಯಾರದೋ ಹಲ್ಲು ಕೀಳುತ್ತಿರುವಾಗ ಅಜ್ಜಿಯ ಕೈಯಲ್ಲಿ ಪತ್ರ ಕಳಿಸುತ್ತಿದ್ದೇನೆ, ಸಾರಿ. ಫೋನ್ ಎತ್ತುತ್ತಿಲ್ಲ ನೀವು. ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಸಿಲಿಂಡರ್ ಸಿಡಿಯಿತೆಂದು ಬೀದಿಗೆಲ್ಲ ಸಾರಿಬಿಡುತ್ತಾರೆ.

ನಿಮ್ಮ ಮೀನಿನ ತೊಟ್ಟಿಯ ಹವಳಗಳಿಗೆ ಸುಣ್ಣದಂಶ ಕೊಡುವ ಕ್ಯಾಲ್ಸಿಯಂ ರಿಯಾಕ್ಟರಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ರೆಗ್ಯುಲೇಟರನ್ನು ನಾನೇ ಫಿಟ್ ಮಾಡಿದೆ, ಸರ್ಪ್ರೈಸ್ ಇರಲಿ ಅಂತ. ಒಂದೊಂದೇ ಗುಳ್ಳೆ ಬರಬೇಕಿತ್ತು, ಬುಳುಬುಳು ಅಂತ ನುಗ್ಗಿತು. ನಲ್ಲಿಯ ಹಾಗೆ ನಿಲ್ಲಬಹುದೆಂದು ಪ್ರೆಶರಿನ ತಿರುಪನ್ನು ಬಲಕ್ಕೆ ತಿರುಗಿಸಿದೆ. ಇನ್ನೂ ಜಾಸ್ತಿಯಾಯಿತು. ಸಾಲಲಿಲ್ಲವೇನೋ ಎಂದು ಮತ್ತಷ್ಟು ಬಲಕ್ಕೇ ತಿರುಗಿಸಿದೆ.

ಈಗ ಮೀನುಗಳೆಲ್ಲ ಮೇಲೆ ಬಂದು ನಿಮ್ಮ ಪೇಷಂಟುಗಳ ಹಾಗೆ ಬಾಯಿ ತೆರೆದುಕೊಂಡಿವೆ. "ಅಯ್ಯೋ, ಮೀನಿಗ್ಯಾಕೋ ಸೋಡಾ ಕುಡಿಸ್ತಿದ್ದೀಯ? ಕಾಲೇಜಲ್ಲಿ ಅದೇನು ಓದ್ತೀಯೋ!" ಅಂದರು ಅಜ್ಜಿ. ಕೆಮಿಸ್ಟ್ರಿ ಎನ್ನಲು ಧೈರ್ಯ ಬರಲಿಲ್ಲ.

ತಿರುಪನ್ನು ಎಡಕ್ಕೆ ತಿರುಗಿಸಲೇ, ಅಥವಾ ಸಿಲಿಂಡರಿನ ದೊಡ್ಡ ವಾಲ್ವನ್ನೇ ಮುಚ್ಚಿಬಿಡಲೇ? ಹಾಸ್ಟೆಲಿನಲ್ಲಿ ಬೆಳೆದವನು ನಾನು, ಪರ್ಮಿಷನ್ ಇಲ್ಲದೆ ಇನ್ನು ಏನನ್ನೂ ಮುಟ್ಟುವುದಿಲ್ಲ.

ಅಜ್ಜಿಯನ್ನು ದಯವಿಟ್ಟು ಕ್ಲಿನಿಕ್ಕಿನ ಆ ಒರಗುವ ಕುರ್ಚಿಯಲ್ಲಿ ಕೂರಿಸಬೇಡಿ, ನಿದ್ದೆಹೋಗಿಬಿಡುತ್ತಾರೆ. ಉತ್ತರ ಅವರ ಕೈಯಲ್ಲೇ ಬೇಗ ಬೇಕು.

ನಿಮ್ಮ ಅಳಿಯ