ಮಾಕಳಿ ಜಾಡಿಗೆ ಬಂದ ಬೂಷ್ಟು

ತೆರಕಣಾಂಬಿ
೧೬–೩–೨೦೨೫, ಭಾನುವಾರ

ಹರದನಹಳ್ಳಿಯ ದಾನೇಶ್ವರಿಗೆ,

ನಿನ್ನ ಭಾವ ಗಂಗಾಧರಸ್ವಾಮಿ ಬರೆಯುವ ಕಾಗದ. ಆಶೀರ್ವಾದ ಅಂತ ಬರೆಯಲು ಹೋದೆ, ಕೈ ತಡೆಯಿತು. ಪೂರ್ತಿ ಓದಿದ ಮೇಲೆ ಬೇಕಾದರೆ ನೀನೇ ಆ ಜಾಗದಲ್ಲಿ ತುಂಬಿಕೋ.

ನನ್ನ ಷಡ್ಡಕ ರಾಜಣ್ಣನ ಮಂಡಿನೋವು ಈಗ ಹೇಗಿದೆ? ನಾನು ಚೆನ್ನಾಗಿದ್ದೇನೆ. ಊಟ ನಿದ್ದೆ ಎರಡೂ ಸರಿಯಿಲ್ಲ, ಅದು ಬಿಟ್ಟರೆ ಚೆನ್ನಾಗಿದ್ದೇನೆ.

ಮನೆಯಲ್ಲಿ ಫೋನಿರುವಾಗ ಈ ಮುದುಕನಿಗೆ ಕಾಗದದ ಚಪಲ ಯಾಕೆ ಬಂತು ಅನ್ನುತ್ತೀಯ. ಹೋದ ಸೋಮವಾರದಿಂದ ನಾಲ್ಕು ಸಲ ನಿನ್ನ ನಂಬರು ಒತ್ತಿದ್ದೇನೆ. ನೀನು "ಏನ್ ಬಾವ?" ಅಂದ ಕೂಡಲೇ ಕಟ್ ಮಾಡಿಬಿಟ್ಟಿದ್ದೇನೆ. ಸಿಗ್ನಲ್ ಹೋಯಿತು ಅಂದುಕೊಂಡಿರುತ್ತೀಯ. ಹೋಗಿರಲಿಲ್ಲ. ಫೋನಿನಲ್ಲಿ ನಿನ್ನ ದನಿ ಥೇಟ್ ನಿನ್ನ ಅಕ್ಕನದು. ಕರಿಬಸಮ್ಮ ಹೋಗಿ ಎರಡು ವರ್ಷ ಮೂರು ತಿಂಗಳಾಯಿತು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ನನ್ನ ಮನೆಯಲ್ಲಿ ಅವಳ ದನಿ ಇಲ್ಲ, ನಿನ್ನ ಗಂಟಲಲ್ಲಿದೆ. ಇದೂ ಒಂದು ಹೊಟ್ಟೆಕಿಚ್ಚು ಅಂತ ಇಟ್ಟುಕೋ. ಇನ್ನೂ ಇವೆ.

ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್. ಕಾಲೇಜಿನಲ್ಲಿ ರಜಾ ಅರ್ಜಿಗೆ ಹೀಗೆ ಬರೆಯಿಸುತ್ತಿದ್ದರು. ಕಷ್ಟದ ಮಾತು ಬಂದಾಗ ನನಗೆ ಇಂಗ್ಲಿಷು ಬಾಯಿಗೆ ಬರುತ್ತದೆ, ಅದೂ ಅರ್ಧಕ್ಕೇ ನಿಲ್ಲುತ್ತದೆ.

ವಿಷಯ ಮಾಕಳಿ ಬೇರಿನ ಉಪ್ಪಿನಕಾಯಿಯದು. ಚಾಮರಾಜನಗರದಲ್ಲಿ ನನ್ನ ಮಗಳು ಕಾವ್ಯಶ್ರೀಯ ಮನೆಗೆ ನೀನು ಹಾಕಿಕೊಟ್ಟ ಜಾಡಿಗೆ ಬೂಷ್ಟು ಬಂದದ್ದು, ಅದಕ್ಕೆ ಮೊಮ್ಮಗಳು ಸಿಂಧುವಿನ ಕೈಯೇ ಕಾರಣ ಅಂತ ಕಾವ್ಯಳ ಅತ್ತೆ ಹೇಳಿದ್ದು, ಆಮೇಲೆ ಕಾವ್ಯ ನಿನಗೆ ಫೋನು ಮಾಡಿ ಇನ್ನು ಮೇಲೆ ಏನೂ ಕಳಿಸಬೇಡಿ ಅಂದದ್ದು, ಇಷ್ಟೂ ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಬರೆಯಲು ಕೂತಿದ್ದೇನೆ. ಆದರೆ ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನೀನು ಅರ್ಧಕ್ಕೇ ಒಲೆಗೆ ಹಾಕುತ್ತೀಯ.

ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ನೀನು ಇಲ್ಲಿಗೆ ಬರುತ್ತಿದ್ದೆ. ಅಕ್ಕ ತಂಗಿ ಇಬ್ಬರೂ ನಾಲ್ಕು ದಿನ ಹಿತ್ತಿಲಲ್ಲಿ ಕೂತು ಬೇರಿನ ಸಿಪ್ಪೆ ಹೆರೆಯುತ್ತಿದ್ದಿರಿ, ಸೀಳಿ ಒಳಗಿನ ಕಡ್ಡಿ ತೆಗೆಯುತ್ತಿದ್ದಿರಿ. ಮನೆಯೆಲ್ಲ ಆ ವಾಸನೆ. ನಗು ಕೇಳಿ ನಾನು ಬಾಗಿಲಿಗೆ ಬಂದರೆ ಮಾತು ನಿಂತುಹೋಗುತ್ತಿತ್ತು. "ನಿಮ್ಗೇನ್ ಕೆಲ್ಸ ಇಲ್ಲಿ, ಓಗಿ ಮಂಡಿ ನೋಡ್ಕೊಳಿ" ಅನ್ನುತ್ತಿದ್ದಳು. ನಾನು ಅಂಗಡಿಗೆ ಹೋಗಿ ಅರಿಸಿನದ ಮೂಟೆಗಳ ನಡುವೆ ಕೂರುತ್ತಿದ್ದೆ. ನೀವು ಏನು ಮಾತಾಡುತ್ತಿದ್ದಿರಿ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅವಳನ್ನು ಕೇಳುವ ಹಾಗಿಲ್ಲ, ನಿನ್ನನ್ನು ಕೇಳಲು ಅಭಿಮಾನ.

ಆಸ್ಪತ್ರೆಯ ಕೊನೇ ವಾರ ಅವಳು ನಿನ್ನ ಕಿವಿ ಹತ್ತಿರ ಎಳೆದುಕೊಂಡು ಉಪ್ಪು, ಸಾಸಿವೆ, ನಿಂಬೆರಸದ ಅಳತೆ ಹೇಳಿದಳಲ್ಲ, ಆಗ ನಾನು ಮಂಚದ ಇನ್ನೊಂದು ಪಕ್ಕದಲ್ಲೇ ಇದ್ದೆ, ಎಳನೀರಿನ ಲೋಟ ಹಿಡಿದುಕೊಂಡು. ನಂಗೂ ಹೇಳು, ಬರ್ಕೊತೀನಿ ಅಂದೆ. ಜೇಬಿನಿಂದ ಪೆನ್ನೂ ತೆಗೆದೆ. ಅವಳು ನನ್ನ ಮುಖ ನೋಡಿ, "ನಿಮ್ಗ್ ಬ್ಯಾಡ ಬುಡಿ, ದಾನಿ ನೋಡ್ಕತಾಳೆ" ಅಂದಳು. ನನಗೆ ಕಷ್ಟ ಕೊಡಬಾರದು ಅಂತ ಅಂದಿರಬಹುದು. ನೀನು ಹಾಗೇ ಹೇಳಿ ಸಮಾಧಾನ ಮಾಡಿದೆ. ಆದರೆ ಪೆನ್ನಿನ ಟೋಪಿ ತೆಗೆದು ಕೂತವನಿಗೆ ಹೇಗಿರುತ್ತದೆ ಹೇಳು.

ಎನ್ವಿ ಬೇರೆ, ಜೆಲಸಿ ಬೇರೆ ಅಂತ ಬಿ.ಎ. ಎರಡನೇ ವರ್ಷದಲ್ಲಿ ಮೇಷ್ಟ್ರು ಒಂದು ಗಂಟೆ ಪಾಠ ಮಾಡಿದ್ದರು. ಒಂದರಲ್ಲಿ ಇನ್ನೊಬ್ಬರ ಹತ್ತಿರ ಇರುವುದು ನಮಗೆ ಬೇಕು, ಇನ್ನೊಂದರಲ್ಲಿ ನಮ್ಮದು ಇನ್ನೊಬ್ಬರ ಪಾಲಾಗುತ್ತದೆ ಅನ್ನುವ ಸಂಕಟ. ಯಾವುದಕ್ಕೆ ಯಾವ ಹೆಸರೋ ಮರೆತಿದೆ. ಎರಡೂ ಇರುವವನಿಗೆ ಹೆಸರು ಮರೆತರೇನು.

ಹೋದ ವರ್ಷ ಮೊದಲನೇ ಸಲ ನಾನೇ ಹಾಕಿದೆ. ಒಳಗಿನ ಕಡ್ಡಿ ತೆಗೆಯಬೇಕು ಅನ್ನುವುದು ಹೊಳೆಯಲಿಲ್ಲ. ಅಳಿಯ ಅರ್ಧ ಗಂಟೆ ಅಗಿದು ತಟ್ಟೆಯ ಪಕ್ಕ ನಾರು ಗುಡ್ಡೆ ಹಾಕಿದ. ಈ ವರ್ಷ ಹಾಗಾಗಲಿಲ್ಲ. ಸಂತೆಯಲ್ಲಿ ಪುಟ್ಟಮಾದಯ್ಯನ ಹತ್ತಿರ ಒಳ್ಳೇ ಕೊಬ್ಬಿದ ಬೇರು ಆರಿಸಿ ಆರು ಕೇಜಿ ತಂದೆ. "ಇಷ್ಟೊಂದ್ ಯಾರ್ ಕೆರೀತಾರೆ ಸ್ವಾಮಿ, ಅಮ್ಮಾವ್ರಿಲ್ವಲ್ಲ" ಅಂದ. ನಾನೇ ಕಣಯ್ಯ ಅಂದೆ. ಮೂರು ದಿನ ಹೆರೆದೆ, ನೆರಳಲ್ಲಿ ಬಟ್ಟೆ ಹಾಸಿ ಒಣಗಿಸಿದೆ. ವಾರವಾದರೂ ಕೈ ವಾಸನೆ ಹೋಗದೆ ಬಸ್ಸಿನಲ್ಲಿ ಪಕ್ಕದವರು ಎದ್ದು ಮುಂದೆ ಹೋದರು. ಒಂದು ಪ್ಲಾಸ್ಟಿಕ್ ಡಬ್ಬ ತುಂಬಿಸಿಕೊಂಡು ಶಿವರಾತ್ರಿಗೆ ಕಾವ್ಯಳ ಮನೆಗೆ ಹೋದೆ.

ಅಲ್ಲಿ ನೀನು ಆಗಲೇ ಬಂದು ಹೋಗಿದ್ದೆ. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕರಿಬಸಮ್ಮನ ಜಾಡಿ, ನಾನೇ ಮಗಳಿಗೆ ಕೊಟ್ಟದ್ದು, ಕತ್ತಿನವರೆಗೆ ನಿನ್ನ ಉಪ್ಪಿನಕಾಯಿ. ಬಾಯಿಗೆ ಬಟ್ಟೆ, ಬಟ್ಟೆಗೆ ಅವಳು ಹಾಕುತ್ತಿದ್ದ ಗಂಟು. ನನ್ನ ಡಬ್ಬವನ್ನು ಕಾವ್ಯ ಬಹಳ ಮರ್ಯಾದೆಯಿಂದ ತೆಗೆದುಕೊಂಡು ಅಟ್ಟದ ಮೇಲಿಟ್ಟಳು.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುವ ಮೂಗಮ್ಮ ನನ್ನನ್ನು ಕಂಡು ಕೈ ಮುಗಿದಳು. "ಸ್ವಾಮೇರ, ನಿಮ್ ಉಪ್ಪಿನ್ಕಾಯಿ ಬೋ ಚೆಂದಾಗದೆ. ಅವ್ವಾರು ಡಬ್ಬ ಪೂರ್ತಿ ನಮ್ಗೇ ಕೊಟ್ಬುಟ್ರು" ಅಂದಳು. ಪಾಪ, ಹೊಗಳಿದಳು. ನಾನು ತಿನ್ನಮ್ಮ ಚೆನ್ನಾಗಿ ತಿನ್ನು ಅಂದೆ. ಆಮೇಲೆ ಊಟಕ್ಕೆ ಕೂತಾಗ ಸಿಂಧು ನಿನ್ನ ಜಾಡಿಯಿಂದ ಒಂದು ಹೋಳು ತಂದು ನನ್ನ ತಟ್ಟೆಗೆ ಹಾಕಿತು. ಕಾವ್ಯ, "ತಿಂದ್ ನೋಡಪ್ಪ, ಚಿಕ್ಕಮ್ಮನ್ ಕೈಲಿ ಥೇಟ್ ಅಮ್ಮನ್ ರುಚಿ" ಅಂದಳು. ನಾನು ಉಪ್ಪು ಒಂದು ಹಿಡಿ ಹೆಚ್ಚಾಯಿತು ಅಂದೆ. ನಿಜವಾಗಿಯೂ ಹೆಚ್ಚಾಗಿತ್ತು, ಮುಂದಿನ ಸಲ ನೋಡಿಕೋ.

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನಾನು ಆ ಕೋಣೆಗೆ ಹೋದೆ. ಗಂಟು ಬಿಚ್ಚಿದೆ. ಚಮಚವನ್ನು ನಲ್ಲಿಯ ಕೆಳಗೆ ಹಿಡಿದು, ನೀರು ಸೋರುತ್ತಿರುವ ಹಾಗೇ ಜಾಡಿಯೊಳಗೆ ಇಳಿಸಿ ತಿರುಗಿಸಿದೆ. ಸಾಲದು ಅನ್ನಿಸಿತು. ಇನ್ನೊಂದು ಸಲ ಒದ್ದೆ ಮಾಡಿ ತಿರುಗಿಸಿದೆ. ಮತ್ತೆ ಅದೇ ಗಂಟು ಹಾಕಲು ಮೂರು ಸಲ ಒದ್ದಾಡಿದೆ.

ಇದೇ ದಾನೇಶ್ವರಿ ನಾನು ಬರೆಯಬೇಕಾಗಿದ್ದ ಲೈನು. ಉಳಿದದ್ದೆಲ್ಲ ಪೀಠಿಕೆ.

ಕೆಟ್ಟರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಕಾವ್ಯ ಅದನ್ನು ಚೆಲ್ಲುತ್ತಾಳೆ, ಅಪ್ಪನ ಡಬ್ಬವೇ ಚೆನ್ನಾಗಿತ್ತು ಅನ್ನುತ್ತಾಳೆ, ಮುಂದಿನ ವರ್ಷ ಆ ಜಾಡಿಗೆ ನನ್ನದು. ಸಿಂಧುವಿಗೆ ಆಗ ಎರಡನೇ ದಿನ ಅಂತ ನನಗೆ ಹೇಗೆ ಗೊತ್ತಾಗಬೇಕು? ಹತ್ತು ದಿನಕ್ಕೆ ಬಿಳಿ ಬೂಷ್ಟು ಕಾಣಿಸಿತು. ಕಾವ್ಯಳ ಅತ್ತೆ ಜಾಡಿಯ ಮುಂದೆ ನಿಂತು, "ಉಪ್ಪಿನ್ಕಾಯಿ ಸುಮ್ಸುಮ್ಕೆ ಕೆಡ್ತದಾ? ಮುಟ್ಟಾದ ಉಡ್ಗಿ ಕೈ ಆಕವ್ಳೆ" ಅಂದರಂತೆ. ಲಿಂಗ ಕಟ್ಟಿಕೊಂಡವರಿಗೆ ಆ ಮೈಲಿಗೆ ಇಲ್ಲ ಅಂತ ಮಠದಲ್ಲಿ ಕೇಳಿ ತಲೆಯಾಡಿಸಿ ಬರುತ್ತೇವೆ. ಉಪ್ಪಿನಕಾಯಿ ಜಾಡಿಯ ಹತ್ತಿರ ಬಂದ ಕೂಡಲೇ ಮರೆಯುತ್ತೇವೆ. ನಿನ್ನ ಅಕ್ಕ ಮರೆಯುತ್ತಿರಲಿಲ್ಲ. "ನೀರ್ ತಾಗ್ಬಾರ್ದು ಅಷ್ಟೆಯ, ಯಾವತ್ತಾದ್ರೂ ಮುಟ್ಟು" ಅಂತ ನಿನ್ನನ್ನು ಎಲ್ಲ ದಿನವೂ ಕೂರಿಸಿಕೊಳ್ಳುತ್ತಿದ್ದಳು. ಅವಳು ಹೇಳಿದ್ದರಲ್ಲಿ ನನಗೆ ಚೆನ್ನಾಗಿ ತಿಳಿದಿದ್ದದ್ದು ಅದೊಂದೇ. ಅದನ್ನು ಎಲ್ಲಿ ಉಪಯೋಗಿಸಿದೆ ನೋಡು.

ಈಗ ಹದಿಮೂರು ವರ್ಷದ ಆ ಮಗುವಿಗೆ ತಿಂಗಳಲ್ಲಿ ಮೂರು ದಿನ ಅಡುಗೆಮನೆ ಇಲ್ಲ. ಜಗಲಿಯಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಅದುವರೆಗೂ ಆ ಮನೆಯಲ್ಲಿ ಇಲ್ಲದ ಪದ್ಧತಿ. ಕಾವ್ಯ ಅತ್ತೆಗೆ ಎದುರಾಡಲಿಲ್ಲ. ನನಗೆ ಫೋನು ಮಾಡಿ ಅತ್ತಳು. ಆಗಲೇ ಹೇಳಿಬಿಡಬಹುದಿತ್ತು. ಮಗುವಿನ ಮೇಲಿನ ಮಾತು ಹೋದರೆ ಸಾಕು, ನನ್ನ ಮೇಲೆ ಬರುವುದು ಬೇಡ ಅನ್ನಿಸಿ, ದಾನಿ ಬೇರು ಸರಿಯಾಗಿ ಒಣಗಿಸಿರಲಿಕ್ಕಿಲ್ಲ ಕಣಮ್ಮ ಅಂದುಬಿಟ್ಟೆ. ಅದಕ್ಕೇ ಅವಳು ನಿನಗೆ ಫೋನು ಮಾಡಿದ್ದು. ಮಗುವಿನ ಮೇಲಿನ ಮಾತೂ ಹೋಗಲಿಲ್ಲ, ನಿನ್ನ ಮೇಲೂ ಬಂತು. ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ ಅಂದೆಯಂತೆ, ರಾಜಣ್ಣ ಹೇಳಿದ. ತುಳಿಯುವುದಿಲ್ಲ ಅನ್ನುವುದಾದರೆ ನನ್ನ ಹೊಸ್ತಿಲು ತುಳಿಯಬೇಡ.

ಸೋಮವಾರ ಸಿಂಧು ಅವರಮ್ಮನ ಫೋನಿನಿಂದ ಕದ್ದು ಮಾತಾಡಿತು. "ತಾತ, ಅವತ್ತು ನಿಂಗೆ ಬಡ್ಸಿದ್ದು ನಾನೇ ಅಲ್ವಾ? ಅಜ್ಜಿ ಹೇಳೋದು ನಿಜಾನಾ ತಾತ? ನನ್ ಕೈ ಅಂತಾದ್ದಾ?" ಅಂತ ಕೇಳಿತು. ಅಳಲಿಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ಕೇಳುವ ಹಾಗೆ ಕೇಳಿತು. ನಾನು ಅದಕ್ಕೂ ಫೋನು ಕಟ್ ಮಾಡಿದೆ. ಒಂದು ವಾರದಿಂದ ಆ ಪ್ರಶ್ನೆ ನನ್ನ ಜೊತೆ ಊಟಕ್ಕೆ ಕೂರುತ್ತದೆ, ಏಳುತ್ತದೆ.

ಬರುವ ಭಾನುವಾರ ಚಾಮರಾಜನಗರಕ್ಕೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ. ನೀನೂ ಬರಬೇಕು. ಕ್ಷಮಿಸಿ ಬಾ ಅನ್ನುತ್ತಿಲ್ಲ, ಕಾವಲಿಗೆ ಬಾ. ಒಬ್ಬನೇ ಹೋದರೆ ಅಳಿಯ ಕಾಫಿ ಕೊಡುತ್ತಾನೆ, ಬೀಗಿತ್ತಿ ಕ್ಷೇಮ ವಿಚಾರಿಸುತ್ತಾರೆ, ನಾನು ಇಲಿಯೋ ಜಿರಲೆಯೋ ಅಂತ ಇನ್ನೊಂದು ಕತೆ ಕಟ್ಟಿ ಎದ್ದು ಬರುತ್ತೇನೆ. ನನ್ನನ್ನು ನಾನು ಅಷ್ಟು ಬಲ್ಲೆ. ನೀನು ಎದುರಿಗೆ ಕೂತು "ನಿಜ ಏಳಿ ಬಾವ" ಅನ್ನು ಸಾಕು. ಆ ದನಿಗೆ ನಾನು ಯಾವತ್ತೂ ಎದುರಾಡಿದವನಲ್ಲ. ಹತ್ತು ಗಂಟೆಗೆ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಈ ಕಾಗದವನ್ನೂ ತೆಗೆದುಕೊಂಡು ಬಾ, ನಾನು ಮಾತು ತಿರುಚಿದರೆ ಓದಿಬಿಡು.

ಆದರೆ ಒಂದು ಮಾತು. ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಹೊಟ್ಟೆಕಿಚ್ಚು ಹೋಯಿತು ಅಂದುಕೊಳ್ಳಬೇಡ. ಹೋಗಿಲ್ಲ.

ನಿನ್ನ ಅಕ್ಕನ ಗಂಡ,
ಗಂಗಾಧರಸ್ವಾಮಿ

ತಾ.ಕ.: ಒದ್ದೆ ಚಮಚ ಹಾಕುವ ಮುಂಚೆ ಒಂದು ಒಣ ಚಮಚದಲ್ಲಿ ನನ್ನ ಮಾತ್ರೆಯ ಸ್ಟೀಲ್ ಡಬ್ಬಿಗೆ ನಿನ್ನ ಉಪ್ಪಿನಕಾಯಿ ತುಂಬಿಕೊಂಡಿದ್ದೆ. ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡೆ. ದಿನಕ್ಕೆ ಅರ್ಧ ಹೋಳಿನ ಹಾಗೆ ತಿನ್ನುತ್ತಿದ್ದೇನೆ, ಇನ್ನು ನಾಲ್ಕು ಉಳಿದಿವೆ. ಸಿಂಧು ಕೈ ಹಾಕಿ ಬಡಿಸಿದ ಮೇಲೆ, ಅದೇ ಜಾಡಿಯಿಂದ ತೆಗೆದದ್ದು. ಇವತ್ತು ಬೆಳಿಗ್ಗೆಯೂ ಕನ್ನಡಕ ಹಾಕಿಕೊಂಡು ನೋಡಿದೆ, ಒಂದು ಚುಕ್ಕೆ ಬೂಷ್ಟಿಲ್ಲ. ಭಾನುವಾರ ಅದನ್ನು ಬೀಗಿತ್ತಿಯ ಮುಂದಿಟ್ಟು ಸಿಂಧುವಿನ ಕೈಯಿಂದಲೇ ಎಲ್ಲರಿಗೂ ಬಡಿಸಬೇಕು. ಈ ವಾರ ತಿನ್ನದೆ ಇರುತ್ತೇನೆ.