ಗುಡ್ಡದ ಇಳಿಜಾರಿನಲ್ಲಿ ಟೀಚರ್ ಗಾಡಿ

ವರ್ಕ್‌ಶಾಪ್,
ಹನ್ನೆರಡನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಬೆನ್ನು ಹೇಗಿದೆ? ಹೊಲಿಗೆ ಬಿಚ್ಚಿದರಂತೆ. ನರ್ಸಮ್ಮನ ಕಣ್ಣು ತಪ್ಪಿಸಿ ವಾರ್ಡಿನಲ್ಲೆಲ್ಲ ಓಡಾಡುತ್ತೀಯೆಂದು ಅತ್ತಿಗೆ ದೂರು ಹೇಳಿದರು. ಆರು ವಾರ ಮಲಗು ಅಂದರೆ ಮಲಗಬೇಕಪ್ಪ, ಬೆನ್ನಿಗೆ ಬಿಡಿಭಾಗ ಸಿಗುವುದಿಲ್ಲ. ಇಲ್ಲಿ ಅಪ್ಪನ ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಭೂಗೋಳದ ಟೀಚರ್ ಗಾಡಿ ತಯಾರಾಯಿತು! ‘ವಾಪಸ್ ಕಳಿಸಿಬಿಡು, ನಿನ್ನ ಕೈಲಾಗೋ ಕೆಲಸ ಅಲ್ಲ’ ಅಂದಿದ್ದೆಯಲ್ಲ, ಅದೇ ಗಾಡಿ. ನಿನ್ನ ಕಿವಿ ಹಿಂಡಿ ನಕಾಶೆ ಬರೆಸುತ್ತಿದ್ದವರು ಈಗ ನಿವೃತ್ತರು. ಮೂವತ್ನಾಲ್ಕು ವರ್ಷ ಕೋಲು ಹಿಡಿದು ಗೋಡೆಯ ಮೇಲೆ ತೋರಿಸಿದ ಮರಳುಗಾಡನ್ನೂ ಬೆಟ್ಟಸಾಲನ್ನೂ ಕಣ್ಣಾರೆ ನೋಡಲು ಗಂಡನ ಜೊತೆ ಹೊರಟಿದ್ದಾರೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಆ ಗಾಡಿ ನಮ್ಮ ಅಡುಗೆಮನೆಗಿಂತ ದೊಡ್ಡದು. ನೀನಿಲ್ಲವೆಂದು ತಿಳಿದು ಟೀಚರ್ ಬಾಗಿಲಲ್ಲೇ ನಿಂತರು. ‘ನೀನು ಮಾಡ್ತೀಯಾ?’ ಅಂದರು. ‘ಮಾಡ್ತೀನಿ ಟೀಚರ್’ ಅಂದುಬಿಟ್ಟೆ.

ಕೊನೆಯ ಸಾಲಿನ ಸೀಟು ಕಳಚಿ, ಎಳೆದರೆ ಹೊರಗೆ ಬರುವ ಒಲೆಯ ಹಲಗೆ ಕೂರಿಸಿದೆ. ಎರಡನೇ ಬ್ಯಾಟರಿ, ದಪ್ಪ ಸ್ಪ್ರಿಂಗು, ಎಂಜಿನ್ನಿನ ಅಡಿಗೆ ಕಲ್ಲು ತಾಗದಂತೆ ಉಕ್ಕಿನ ತಗಡು, ಮರಳಿನ ಧೂಳು ನುಗ್ಗದಂತೆ ಚಾವಣಿಯವರೆಗೆ ಎತ್ತಿದ ಗಾಳಿಕೊಳವೆ. ತೊಂಬತ್ತು ಲೀಟರಿನ ನೀರಿನ ಟ್ಯಾಂಕು, ಎರಡು ಸ್ಟೆಪ್ನಿ, ಡೇರೆ ಎಲ್ಲವನ್ನೂ ಚಾವಣಿಯ ಮೇಲೇರಿಸಿದೆ. ನೋಡಲು ರಾಜಗಾಂಭೀರ್ಯ! ನಮ್ಮ ವೆಲ್ಡರ್ ಕಿಡಿ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆಗೆಂದು ಕಲ್ಲುಕ್ವಾರಿಯ ಗುಡ್ಡಕ್ಕೆ ಹೋದೆ. ಓರೆ ಇಳಿಜಾರಿನಲ್ಲಿ ಮೇಲ್ಗಡೆಯ ಚಕ್ರಗಳೆರಡೂ ನೆಲ ಬಿಟ್ಟವು. ಜೀವ ಬಾಯಿಗೆ ಬಂತು. ನೀನು ಕಲಿಸಿದಂತೆ ಸ್ಟೇರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿದೆ, ಗಾಡಿ ದೊಪ್ಪನೆ ನೆಲಕ್ಕೆ ಕೂತಿತು. ಮಾವ ಉಸಿರು ಬಿಟ್ಟು, ‘ಸಂಸಾರಾನೆಲ್ಲ ತಲೆ ಮೇಲೆ ಹೊರಿಸಿದ್ದೀಯಲ್ಲ ತಾಯಿ, ಪಾಪ, ಅದು ಹೇಗೆ ನಿಲ್ಲುತ್ತೆ?’ ಅಂದ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೆಟ್ಟದ ದಾರಿಯಲ್ಲಿ ಆ ಇಬ್ಬರು ಮುದುಕರು... ಅಂದೇ ಟೀಚರಿಗೆ ಫೋನ್ ಮಾಡಿ, ತಪ್ಪು ನನ್ನದು, ಇನ್ನೊಂದು ವಾರ ಬೇಕು ಅಂದೆ. ಅವರು ಬೈಯಲಿಲ್ಲ. ‘ತಪ್ಪು ಉತ್ತರ ಹೊಡೆದುಹಾಕಿ ಸರಿ ಉತ್ತರ ಬರಿ’ ಅಂದರು, ಅದೇ ತರಗತಿಯ ದನಿಯಲ್ಲಿ. ಮಾಡಿದ್ದನ್ನೆಲ್ಲ ಬಿಚ್ಚಿದೆವು. ಟ್ಯಾಂಕು ಹಿಂದು ಮುಂದಿನ ಚಕ್ರಗಳ ಅಚ್ಚುಗಳ ನಡುವೆ, ನೆಲಹಾಸಿನ ಅಡಿಗೆ ಇಳಿಯಿತು. ಸ್ಟೆಪ್ನಿಗಳು ಹಿಂಬಾಗಿಲಿಗೆ ಹೋದವು. ಚಾವಣಿಯಲ್ಲಿ ಉಳಿದದ್ದು ಡೇರೆ ಮಾತ್ರ.

ನಿನ್ನೆ ಅದೇ ಗುಡ್ಡ, ಅದೇ ಓರೆ. ಈ ಸಲ ಸ್ಟೇರಿಂಗ್ ಹಿಡಿದವರು ಟೀಚರೇ. ನಾಲ್ಕೂ ಚಕ್ರ ನೆಲ ಕಚ್ಚಿಕೊಂಡು ಹೋದವು ಅಣ್ಣಾ, ಒಂದು ಬೆರಳಷ್ಟೂ ಮೇಲೇಳಲಿಲ್ಲ. ‘ಬಿಸಿಲು, ನಾನ್ಯಾಕೆ ಬರಲಿ’ ಎಂದು ಗೊಣಗುತ್ತಲೇ ಬಂದಿದ್ದ ಅಪ್ಪ, ಕ್ವಾರಿಯ ಕಾವಲುಗಾರ ಕೇಳದಿದ್ದರೂ ‘ಮಾಡಿದ್ದು ನಮ್ಮ ಹುಡುಗಿ’ ಎಂದು ಮೂರು ಸಲ ಹೇಳಿದರು. ನಮ್ಮಿಬ್ಬರಿಗೂ ಒಂದು ದಿನವೂ ಭೇಷ್ ಅನ್ನದ ಅಪ್ಪ! ನಟ್ಟು ಬಿಗಿಯುವ ನೆಪದಲ್ಲಿ ಗಾಡಿಯ ಅಡಿಗೆ ತೂರಿ ಕಣ್ಣೊರೆಸಿಕೊಂಡೆ.

ಅತ್ತಿಗೆಗೆ ನನ್ನ ನಮಸ್ಕಾರ. ಬೇಗ ಗುಣವಾಗು, ನಿಧಾನವಾಗಿ ಏಳು. ಹಾಳೆಯ ಮೇಲಿನ ಗ್ರೀಸಿನ ಹೆಬ್ಬೆಟ್ಟು ನನ್ನದೇ.

ನಿನ್ನ ತಂಗಿ

ತಾ.ಕ.: ದಾರಿಯಲ್ಲಿ ಏನಾದರೂ ಕೆಟ್ಟರೆ ನೋಡಿಕೊಳ್ಳಲು ನೀನೂ ಬಾ ಎಂದು ಟೀಚರ್ ನನ್ನನ್ನು ಕರೆದರು. ಮರಳುಗಾಡು ದಾಟುವವರೆಗೆ, ಇಪ್ಪತ್ತು ದಿನ. ಹೂಂ ಅಂದಿದ್ದೇನೆ. ನಾಡಿದ್ದು ಬೆಳಿಗ್ಗೆ ಹೊರಡುತ್ತೇವೆ. ವರ್ಕ್‌ಶಾಪಿಗೆ ಕಿಡಿ ಮಾವ ಇದ್ದಾನೆ, ಮನೆಗೆ ಚಿಕ್ಕಮ್ಮ ಬರುತ್ತಾರೆ. ಅಪ್ಪನಿಗೆ ಮಾತ್ರ ಇನ್ನೂ ಹೇಳಿಲ್ಲ. ಪತ್ರವನ್ನು ಸಂಜೆಯ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ, ಸಿಕ್ಕ ಕೂಡಲೇ ಫೋನ್ ಮಾಡಿ ನೀನೇ ಹೇಳಿಬಿಡು.